ಒಂದು ಬಿದಿರು, ಒಂದು ಬಿವಾ, ಹಿಂದೆ ಇಡೀ ಆರ್ಕೆಸ್ಟ್ರಾ

ಅನಿಮೆ ನೋಡುವ ಮಕ್ಕಳು ಮನೆಯಲ್ಲಿದ್ದರೆ ಈ ಶಬ್ದ ನಿಮ್ಮ ಕಿವಿಗೂ ಬಿದ್ದಿರುತ್ತದೆ. ಸಮುರಾಯ್ ಒಬ್ಬ ಹುಲ್ಲುಗಾವಲಿನಲ್ಲಿ ನಿಂತಿದ್ದಾನೆ. ಗಾಳಿ ಬೀಸುತ್ತಿದೆ. ಹಿಂದೆ ಸ್ವರಕ್ಕಿಂತ ಉಸಿರೇ ಜಾಸ್ತಿ ಕೇಳಿಸುವ ಒಂದು ಕೊಳಲು. ಆಮೇಲೆ ತಂತಿಯ ಮೇಲೆ ಒಂದು ಏಟು, ಝೆಂಯ್ ಅಂತ. ಅದರ ಬೆನ್ನಿಗೇ ಪಿಟೀಲುಗಳ ದೊಡ್ಡ ಆರ್ಕೆಸ್ಟ್ರಾ. ಗೇಮು, ಸಿನಿಮಾ, ರೀಲ್ಸು ಎಲ್ಲದರಲ್ಲೂ ಈ ಜೋಡಿ ಈಗ ಎಷ್ಟು ಮಾಮೂಲಾಗಿದೆ ಅಂದರೆ, ಇವು ಹುಟ್ಟಿನಿಂದಲೇ ಜೊತೆಗಿದ್ದವು ಅಂದುಕೊಂಡುಬಿಡುತ್ತೇವೆ.

ಹಾಗೇನಿಲ್ಲ. ಈ ಕೊಳಲು (ಶಾಕುಹಾಚಿ), ಈ ತಂತಿವಾದ್ಯ (ಬಿವಾ) ಮತ್ತು ಯುರೋಪಿನ ಆರ್ಕೆಸ್ಟ್ರಾ ಒಂದೇ ವೇದಿಕೆಯಲ್ಲಿ ಕೂತು ಜಗತ್ತಿನ ಕಿವಿ ತಮ್ಮ ಕಡೆ ತಿರುಗಿಸಿಕೊಂಡದ್ದು 1967ರ ನವೆಂಬರ್ 9ರಂದು, ನ್ಯೂಯಾರ್ಕಿನಲ್ಲಿ. ಕೃತಿಯ ಹೆಸರು ನವೆಂಬರ್ ಸ್ಟೆಪ್ಸ್. ಬರೆದವರು ಜಪಾನಿನ ಸಂಯೋಜಕ ತೋರು ತಾಕೆಮಿತ್ಸು. ಫ್ಯೂಷನ್ ಅಂದಕೂಡಲೇ ನಮಗೆ ನೆನಪಾಗೋದು ಎಲ್ಲವನ್ನೂ ಹಾಕಿ ಕಲಸೋದು, ಅಲ್ವಾ? ತಾಕೆಮಿತ್ಸು ಕಲಸಲು ಹೋಗಿ, ಆಗುವುದಿಲ್ಲ ಅಂತ ಗೊತ್ತಾಗಿ, ಬೇರೆಯೇ ದಾರಿ ಹಿಡಿದರು. ಅದೇನು ಅಂತ ಅರ್ಥವಾಗಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ಜಪಾನಿನ ಮಕ್ಕಳಿಗೆ ಜಪಾನಿನ ಸಂಗೀತವೇ ಹೊರಗಿನದಾಯಿತು

1868ರಲ್ಲಿ ಜಪಾನಿನಲ್ಲಿ ಮೇಜಿ ಆಳ್ವಿಕೆ ಶುರುವಾಯಿತು. ದೇಶ ಬೇಗ ಬೇಗ ಪಶ್ಚಿಮದ ಸರಿಸಮ ಆಗಬೇಕು ಅನ್ನೋದು ಗುರಿ. ರೈಲು ಬಂತು, ಸೈನ್ಯ ಬದಲಾಯಿತು. ಶಾಲೆಯ ಸಂಗೀತ ಪಾಠವೂ ಬದಲಾಯಿತು. 1879ರಲ್ಲಿ ಸರ್ಕಾರ ಸಂಗೀತ ಶಿಕ್ಷಣಕ್ಕೇ ಒಂದು ಕಚೇರಿ ತೆರೆಯಿತು. ಮರುವರ್ಷ ಅಮೆರಿಕದ ಬಾಸ್ಟನ್ನಿನಿಂದ ಲೂಥರ್ ಮೇಸನ್ ಅನ್ನುವ ಮೇಷ್ಟ್ರನ್ನು ಕರೆಸಿಕೊಂಡಿತು. ಮಕ್ಕಳು ಪಾಶ್ಚಾತ್ಯ ಸ್ವರಗಳಲ್ಲಿ ಹಾಡು ಕಲಿತರು. ಊರಿನ ಹಳೆಯ ವಾದ್ಯಗಳು ಶಾಲೆಯ ಬಾಗಿಲ ಹೊರಗೇ ಉಳಿದವು.

ಎರಡು ಮೂರು ತಲೆಮಾರು ಹೀಗೇ ನಡೆಯಿತು. ಹಾಗಾಗಿ 1930ರಲ್ಲಿ ಟೋಕಿಯೋದಲ್ಲಿ ಹುಟ್ಟಿದ ತಾಕೆಮಿತ್ಸು ಅವರಿಗೆ ಪಿಯಾನೋ ಹತ್ತಿರದ್ದು, ಬಿವಾ ದೂರದ್ದು ಅನ್ನಿಸಿದ್ದರಲ್ಲಿ ಆಶ್ಚರ್ಯ ಇಲ್ಲ.

ಜಪಾನಿನದು, ಪಶ್ಚಿಮದ್ದು ಎರಡೂ ಸೇರಿಸುವ ಕೆಲಸ ಮೊದಲು ಮಾಡಿದವರು ತಾಕೆಮಿತ್ಸು ಅಂತೇನೂ ಅಲ್ಲ. ಕೋಟೋ ಅಂದರೆ ಮಲಗಿಸಿಟ್ಟು ಮೀಟುವ ಉದ್ದನೆಯ ತಂತಿವಾದ್ಯ. ಕಣ್ಣು ಕಾಣದ ಕೋಟೋ ವಾದಕ ಮಿಚಿಯೋ ಮಿಯಾಗಿ 1929ರಲ್ಲೇ ಕೋಟೋ ಮತ್ತು ಶಾಕುಹಾಚಿಗೆ 'ವಸಂತದ ಸಮುದ್ರ' ಅನ್ನುವ ಕೃತಿ ಬರೆದಿದ್ದರು. ಜಪಾನಿನಲ್ಲಿ ಹೊಸ ವರ್ಷ ಬಂದರೆ ಅಂಗಡಿ ಅಂಗಡಿಯಲ್ಲೂ ಅದೇ ಕೇಳಿಸುತ್ತದೆ. ಅದು ಜಪಾನಿನ ವಾದ್ಯಗಳಿಗೆ ಪಶ್ಚಿಮದ ಶೈಲಿ ಸೇರಿಸಿದ, ತುಂಬ ಇಂಪಾದ ಬೆರಕೆ. ತಾಕೆಮಿತ್ಸು ಮುಂದೆ ಮಾಡಿದ್ದು ಇದಕ್ಕೆ ಪೂರ್ತಿ ಉಲ್ಟಾ.

ಬಿದಿರಿನ ಮುಳ್ಳು, ರಟ್ಟಿನ ಪಿಯಾನೋ

ಒಂದು ತಿಂಗಳ ಕೂಸಾಗಿದ್ದಾಗಲೇ ತಾಕೆಮಿತ್ಸು ಅವರನ್ನು ಚೀನಾದ ಡೇಲಿಯನ್‌ಗೆ ಕರೆದುಕೊಂಡು ಹೋಗಿದ್ದರು. ಆಗ ಅದು ಜಪಾನಿನ ಕೈಯಲ್ಲಿತ್ತು. 1938ರಲ್ಲಿ ಶಾಲೆ ಸೇರಲು ಟೋಕಿಯೋಗೆ ವಾಪಸ್ ಬಂದು ಸಂಬಂಧಿಕರ ಮನೆಯಲ್ಲಿ ಉಳಿದರು. ಆ ಮನೆಯ ಅತ್ತೆ ಕೋಟೋ ಟೀಚರ್. ದಿನವಿಡೀ ಕೋಟೋ ಸದ್ದು. ಆಮೇಲೆ ಯುದ್ಧ ಬಂತು. ಕೋಟೋ ಅಂದರೆ ಯುದ್ಧದ ಕಹಿ ದಿನಗಳೇ ನೆನಪಾಗುತ್ತಿದ್ದವು ಅಂತ ಅವರೇ ಮುಂದೆ ಹೇಳಿಕೊಂಡಿದ್ದಾರೆ.

1944ರಲ್ಲಿ ಅವರಿಗೆ 14 ವರ್ಷ. ಕೆಲಸಕ್ಕೆ ಅಂತ ಸೈನ್ಯದ ನೆಲೆಗೆ ಎಳೆದುಕೊಂಡು ಹೋದರು. ಶತ್ರು ದೇಶಗಳ ಸಂಗೀತಕ್ಕೆ ಆಗ ನಿಷೇಧ. ಒಂದು ದಿನ ಒಬ್ಬ ಕಿರಿಯ ಅಧಿಕಾರಿ ಕೆಲವು ಹುಡುಗರನ್ನು ಗುಟ್ಟಾಗಿ ಹಿಂದಿನ ಕೋಣೆಗೆ ಕರೆದುಕೊಂಡು ಹೋದ. ಅಲ್ಲೊಂದು ಕೀಲಿ ಕೊಡುವ ಗ್ರಾಮಫೋನ್. ಮುಳ್ಳು ಇರಲಿಲ್ಲ. ಬಿದಿರಿನ ಚೂರನ್ನು ಚೂಪಾಗಿ ಕೆತ್ತಿ ಮುಳ್ಳು ಮಾಡಿಕೊಂಡು, ಆತ ಒಂದು ಫ್ರೆಂಚ್ ಪ್ರೇಮಗೀತೆಯ ತಟ್ಟೆ ಹಾಕಿದ. ಹುಡುಗ ತಾಕೆಮಿತ್ಸುಗೆ ಅಲ್ಲೇ ತೀರ್ಮಾನವಾಗಿ ಹೋಯಿತು: ಬದುಕಿ ಉಳಿದರೆ ಸಂಗೀತವೇ.

ಯುದ್ಧ ಮುಗಿದ ಮೇಲೆ ಅಮೆರಿಕದ ಸೇನಾ ನೆಲೆಯಲ್ಲಿ ಕೆಲಸ, ನಡುವೆ ಕಾಯಿಲೆ. ಮಲಗಿದಲ್ಲೇ ಅಮೆರಿಕದ ಸೇನಾ ರೇಡಿಯೋ ಕೇಳಿ ಕೇಳಿ ಪಾಶ್ಚಾತ್ಯ ಸಂಗೀತ ಕಲಿತರು. 16ನೇ ವಯಸ್ಸಿಗೆ ಬರೆಯಲು ಶುರು. ಮನೆಯಲ್ಲಿ ಪಿಯಾನೋ ಇಲ್ಲ. ರಟ್ಟಿನ ಮೇಲೆ ಪಿಯಾನೋ ಮನೆಗಳನ್ನು ಬರೆದುಕೊಂಡು ಅದರ ಮೇಲೇ ಬೆರಳಾಡಿಸುತ್ತಿದ್ದರು. ಬೀದಿಯಲ್ಲಿ ಹೋಗುವಾಗ ಯಾರ ಮನೆಯಿಂದಾದರೂ ಪಿಯಾನೋ ಕೇಳಿಸಿದರೆ ಬಾಗಿಲು ತಟ್ಟಿ, ಐದು ನಿಮಿಷ ನುಡಿಸಲೇ ಅಂತ ಕೇಳುತ್ತಿದ್ದರಂತೆ.

ಒಟ್ಟಿನಲ್ಲಿ ಗುರುಗಳ ಹತ್ತಿರ ಕಲಿತದ್ದು ಕಮ್ಮಿ, ಕೇಳಿ ಕಲಿತದ್ದೇ ಜಾಸ್ತಿ. 1957ರಲ್ಲಿ ತಂತಿವಾದ್ಯಗಳಿಗೆ ಒಂದು ರೆಕ್ವಿಯೆಮ್ ಬರೆದರು. ರೆಕ್ವಿಯೆಮ್ ಅಂದರೆ ತೀರಿಕೊಂಡವರ ನೆನಪಿನ ಸಂಗೀತ. 1959ರಲ್ಲಿ ಜಪಾನಿಗೆ ಬಂದಿದ್ದ, ರಷ್ಯಾ ಮೂಲದ ಹೆಸರಾಂತ ಸಂಯೋಜಕ ಸ್ಟ್ರಾವಿನ್‌ಸ್ಕಿ ಅಕಸ್ಮಾತ್ತಾಗಿ ಅದನ್ನು ಕೇಳಿ ತುಂಬ ಮೆಚ್ಚಿಕೊಂಡರು. ಹೊರಗಿನ ಜಗತ್ತಿಗೆ ತಾಕೆಮಿತ್ಸು ಹೆಸರು ಗೊತ್ತಾಗಿದ್ದು ಹೀಗೆ. ಆದರೆ ಆ ಕೃತಿಯಲ್ಲಿ ಜಪಾನಿನ ಒಂದು ವಾದ್ಯವೂ ಇಲ್ಲ.

ತನ್ನದನ್ನು ತೋರಿಸಿಕೊಟ್ಟವರು ಹೊರಗಿನವರು

ಎರಡು ಕಾರಣದಿಂದ ಮನಸ್ಸು ತಿರುಗಿತು ಅನ್ನಬಹುದು. ಒಂದು, ಬುನ್ರಾಕು. ಅದು ಜಪಾನಿನ ಗೊಂಬೆಯಾಟ. ಮೂರು ತಂತಿಯ ದಪ್ಪ ಶಾಮಿಸೆನ್ ಹಿಡಿದವರು, ಕಥೆ ಹಾಡುವವರು ಪಕ್ಕದಲ್ಲೇ ಕೂತಿರುತ್ತಾರೆ. ಒಮ್ಮೆ ಅದನ್ನು ಕೇಳಿದ ತಾಕೆಮಿತ್ಸು ಬೆಚ್ಚಿಬಿದ್ದರು. ಇಷ್ಟು ಬಲವಾದ ನಾದ ನಮ್ಮ ಮನೆಯಲ್ಲೇ ಇತ್ತಾ ಅನ್ನಿಸಿತು.

ಇನ್ನೊಂದು, ಅಮೆರಿಕದ ಸಂಯೋಜಕ ಜಾನ್ ಕೇಜ್. ಮೌನವನ್ನೇ ಸಂಗೀತ ಅಂತ ವೇದಿಕೆಗೆ ತಂದವರು. ಜಪಾನಿನ ಝೆನ್ ಚಿಂತನೆ, ಅಂದರೆ ಅಲ್ಲಿನ ಬೌದ್ಧ ಧ್ಯಾನಮಾರ್ಗ, ಅವರಿಗೆ ತುಂಬ ಪ್ರಿಯ. ಜಪಾನಿನವರೇ ಪಕ್ಕಕ್ಕಿಟ್ಟಿದ್ದನ್ನು ಅಮೆರಿಕದವರೊಬ್ಬರು ಕಣ್ಣಿಗೊತ್ತಿಕೊಂಡಾಗ ತಾಕೆಮಿತ್ಸು ತಿರುಗಿ ನೋಡಿದರು. ತನ್ನ ನೆಲದ ಬೆಲೆ ತಿಳಿಸಿದ್ದಕ್ಕೆ ಕೇಜ್ ಅವರಿಗೆ ಋಣಿ ಅಂತ ಆಮೇಲೆ ಬರೆದಿದ್ದಾರೆ ಕೂಡ. ಯುದ್ಧದ ಕಾಲದಲ್ಲಿ 'ಜಪಾನೀಯ' ಅನ್ನುವ ಮಾತನ್ನು ಸೈನ್ಯದವರು ಬಳಸಿ ಬಳಸಿ ಕೆಡಿಸಿದ್ದರು. ಆ ಗಾಯ ಮಾಯಲು ಹೊರಗಿನ ಕಿವಿಯೊಂದು ಬೇಕಾಯಿತು ಅಂತ ನನಗನ್ನಿಸುತ್ತದೆ.

ಶಾಕುಹಾಚಿ: ಉಸಿರನ್ನು ಮುಚ್ಚಿಡದ ಕೊಳಲು

ಹೆಸರಿನ ಅರ್ಥ ಅಳತೆ, ಅಷ್ಟೆ. ಶಾಕು ಅನ್ನೋದು ಜಪಾನಿನ ಅಡಿ, ಹಾಚಿ ಅಂದರೆ ಎಂಟು. ಒಂದು ಶಾಕುವಿನ ಮೇಲೆ ಎಂಟು ಸುನ್ (ಸುನ್ ಅಂದರೆ ಶಾಕುವಿನ ಹತ್ತನೇ ಒಂದು ಪಾಲು), ಅಂದರೆ ಸುಮಾರು 54.5 ಸೆಂಟಿಮೀಟರ್. ಬಿದಿರಿನ ಬುಡದ ಭಾಗದಿಂದ ಮಾಡುತ್ತಾರೆ. ಅದಕ್ಕೇ ತುದಿಯಲ್ಲಿ ಬೇರಿನ ಗಂಟುಗಳು ಕಾಣುತ್ತವೆ. ನಮ್ಮ ಕೊಳಲಿನ ಹಾಗೆ ಅಡ್ಡ ಹಿಡಿಯುವುದಿಲ್ಲ, ನೇರ ಕೆಳಗೆ ಹಿಡಿದು ಮೇಲಿನ ಅಂಚಿಗೆ ಊದುತ್ತಾರೆ.

ಮುಂದೆ ನಾಲ್ಕು ತೂತು, ಹಿಂದೆ ಒಂದು. ಒಟ್ಟು ಐದೇ. ಐದರಲ್ಲಿ ಇಷ್ಟೆಲ್ಲ ಸ್ವರ ಹೇಗೆ ಬರುತ್ತದೆ? ಬೆರಳನ್ನು ಅರ್ಧ ಮುಚ್ಚುತ್ತಾರೆ. ಗದ್ದ ತಗ್ಗಿಸುತ್ತಾರೆ, ಎತ್ತುತ್ತಾರೆ. ಕತ್ತು ಆಡಿಸಿದರೆ ಸ್ವರ ಜಾರುತ್ತದೆ, ನಡುಗುತ್ತದೆ. ನಮ್ಮ ಗಮಕ ಗೊತ್ತಿದ್ದವರಿಗೆ ಇದು ಕೂಡಲೇ ಹಿಡಿಸುತ್ತದೆ: ಸ್ವರ ಒಂದು ಚುಕ್ಕಿ ಅಲ್ಲ, ಅದಕ್ಕೆ ಓಡಾಟ ಇದೆ. ಕತ್ತು ಆಡಿಸುವುದನ್ನು ಕಲಿಯಲು ಮೂರು ವರ್ಷ ಅಂತ ಜಪಾನಿನಲ್ಲಿ ಗಾದೆಯೇ ಇದೆ.

ಯುರೋಪಿನ ಕೊಳಲಿನಲ್ಲಿ ಗಾಳಿಯ ಸದ್ದು ಕೇಳಿಸಿದರೆ ತಪ್ಪು. ಶಾಕುಹಾಚಿಯಲ್ಲಿ ಅದೇ ಬೇಕು. ಒಮ್ಮೊಮ್ಮೆ ಬೇಕಂತಲೇ ಬಿರುಸಾಗಿ ಊದಿ, ಸ್ವರಕ್ಕಿಂತ ಗಾಳಿಯನ್ನೇ ಜಾಸ್ತಿ ಕೇಳಿಸುತ್ತಾರೆ. ಇದಕ್ಕೆ ಮುರಾಇಕಿ ಅಂತ ಹೆಸರು. ಕಾರಣ ಇದೆ. ಹಿಂದೆ ಇದನ್ನು ನುಡಿಸುತ್ತಿದ್ದವರು ಕೊಮುಸೊ ಅನ್ನುವ ಝೆನ್ ಸಾಧುಗಳು. ತಲೆಗೆ ಮುಖ ಪೂರ್ತಿ ಮುಚ್ಚುವ ಬುಟ್ಟಿಯಂಥ ಟೋಪಿ ಹಾಕಿಕೊಂಡು ಊರೂರು ಅಲೆಯುತ್ತಿದ್ದರು. ಅವರಿಗೆ ಇದು ಕಚೇರಿ ಅಲ್ಲ, ಧ್ಯಾನ. ಕೂತು ಮಾಡುವ ಬದಲು ಊದಿ ಮಾಡುವ ಧ್ಯಾನ. 1871ರಲ್ಲಿ ಮೇಜಿ ಸರ್ಕಾರ ಆ ಪಂಥವನ್ನೇ ರದ್ದು ಮಾಡಿತು, ಕೊಳಲು ಹೇಗೋ ಉಳಿಯಿತು.

ಬಿವಾ, ಮತ್ತು ನಮ್ಮ ತಂಬೂರಿ

ಬಿವಾ ನೋಡಲು ಪಿಯರ್ ಹಣ್ಣನ್ನು ಉದ್ದಕ್ಕೆ ಸೀಳಿದ ಹಾಗೆ. ಪರ್ಷಿಯಾ ಕಡೆಯಿಂದ ಹೊರಟು, ಚೀನಾದಲ್ಲಿ ಪಿಪಾ ಆಗಿ, ಜಪಾನಿಗೆ ಬಂದು ಬಿವಾ ಆಯಿತು. ನಾರಾ ನಗರದ ಶೋಸೋಇನ್ ಭಂಡಾರದಲ್ಲಿ 8ನೇ ಶತಮಾನದ ಬಿವಾ ಇವತ್ತಿಗೂ ಇದೆ, ಮೈತುಂಬ ಚಿಪ್ಪಿನ ಕೆತ್ತನೆ ಕೆಲಸ.

ಇಲ್ಲಿ ನಮಗೆ ನಿಜವಾಗಲೂ ನಂಟಿದೆ. ಜಪಾನಿನಲ್ಲಿ ಬೆಂಜೈತೆನ್ ಅನ್ನುವ ದೇವಿ ಇದ್ದಾಳೆ. ಸಂಗೀತ, ಮಾತು, ವಿದ್ಯೆ ಅವಳದು. ಕೈಯಲ್ಲಿ ಬಿವಾ. ಗುರುತು ಸಿಕ್ಕಿತಲ್ವಾ? ಬೌದ್ಧ ಸೂತ್ರಗಳ ಜೊತೆ ಅಲ್ಲಿಗೆ ಹೋದ ನಮ್ಮ ಸರಸ್ವತಿಯೇ ಅವಳು, ವೀಣೆ ಇದ್ದ ಕೈಗೆ ಬಿವಾ ಬಂದಿದೆ.

ಎರಡನೆಯ ನಂಟು ಕಿವಿಯದು. ಬಿವಾ ತಂತಿ ಮೀಟಿದರೆ ಸ್ವರ ಶುದ್ಧವಾಗಿ ಟಿಂಗ್ ಅನ್ನುವುದಿಲ್ಲ. ಝೇಂಕಾರ ಇರುತ್ತದೆ. ಈ ಝೇಂಕಾರಕ್ಕೆ ಜಪಾನಿನವರು ಸಾವಾರಿ ಅನ್ನುತ್ತಾರೆ. ನಮ್ಮ ತಂಬೂರಿ ನೆನಪು ಮಾಡಿಕೊಳ್ಳಿ. ಶ್ರುತಿ ಮಾಡುವಾಗ ಕುದುರೆಯ ಮೇಲೆ, ತಂತಿಯ ಕೆಳಗೆ ಒಂದು ಸಣ್ಣ ದಾರದ ಎಳೆ ಸಿಕ್ಕಿಸಿ ಹಿಂದೆ ಮುಂದೆ ಸರಿಸುತ್ತಾರೆ. ಒಂದು ಜಾಗಕ್ಕೆ ಬಂದಾಗ ತಂತಿ ತಟ್ಟನೆ ಅರಳಿಕೊಳ್ಳುತ್ತದೆ, ಜೀವ ಬಂತು ಅನ್ನುತ್ತೇವೆ. ಹಿಂದೂಸ್ತಾನಿಯವರು ಇದನ್ನೇ ಜವಾರಿ ಅನ್ನುತ್ತಾರೆ.

ಎರಡರ ಕೆಲಸವೂ ಒಂದೇ. ನಡುಗುವ ತಂತಿ ಅಗಲವಾದ ಅಂಚಿಗೆ ಸವರಿದಷ್ಟೇ ಮುಟ್ಟುತ್ತ ಬಿಡುತ್ತ ಇರುತ್ತದೆ. ಒಂದೊಂದು ಸಲ ತಾಕಿದಾಗಲೂ ಮೂಲ ಸ್ವರದ ಮೇಲೆ ಅದರ ಸಣ್ಣ ಸಣ್ಣ ಮೇಲಿನ ಸ್ವರಗಳು ಏಳುತ್ತವೆ. ಒಂದೇ ತಂತಿಯಲ್ಲಿ ಗುಂಪು ಹಾಡಿದ ಹಾಗೆ ಕೇಳಿಸುವುದು ಅದಕ್ಕೇ. ನಮ್ಮಲ್ಲಿ ಈ ಝೇಂಕಾರ ಹಿಂದೆ ನಿಂತು ಶ್ರುತಿ ಹಿಡಿಯುತ್ತದೆ. ಬಿವಾದಲ್ಲಿ ಅದು ಮುಂದೆ ಬಂದು ಕೂರುತ್ತದೆ.

ಸಾವಾರಿ ಅನ್ನುವ ಪದಕ್ಕೆ ಮುಟ್ಟುವುದು ಅಂತ ಅರ್ಥ. ಅಡ್ಡಿ ಅಂತಲೂ ಆಗುತ್ತದೆ. ತಾಕೆಮಿತ್ಸುಗೆ ಇದು ತುಂಬ ಹಿಡಿಸಿತು. ತಂತಿಯ ದಾರಿಗೆ ಬೇಕಂತಲೇ ಅಡ್ಡಿ ಇಟ್ಟು, ಆ ಅಡ್ಡಿಯಿಂದಲೇ ನಾದ ತೆಗೆಯುವುದು. ಯುರೋಪಿನ ವಾದ್ಯಗಳು ಕಾಲಕಾಲಕ್ಕೆ ಸದ್ದನ್ನು ತೊಳೆದು ಶುಭ್ರ ಮಾಡುತ್ತ ಬಂದವು, ಇವು ಆ ದಾರಿಗೇ ಹೋಗಲಿಲ್ಲ ಅಂತ ಅವರು ಮತ್ತೆ ಮತ್ತೆ ಬರೆದರು.

ಬಿವಾ ನುಡಿಸುವ ಕಡ್ಡಿಗೆ ಬಾಚಿ ಅಂತ ಹೆಸರು. ಕಡ್ಡಿ ಅಂದೆ, ಆದರೆ ಅದು ಬೀಸಣಿಗೆಯಷ್ಟು ಅಗಲದ ಮರದ ಹಲಗೆ. ತಂತಿಯನ್ನು ಮೀಟಿ ಅದೇ ಏಟಿಗೆ ವಾದ್ಯದ ಹೊಟ್ಟೆಗೂ ಹೊಡೆಯುತ್ತದೆ. ವೀಣೆಯೂ ಆಯಿತು, ತಾಳವಾದ್ಯವೂ ಆಯಿತು. ಮೆಟ್ಟಿಲುಗಳು ಎತ್ತರ. ಎರಡು ಮೆಟ್ಟಿಲ ನಡುವೆ ತಂತಿಯನ್ನು ಒತ್ತಿ ಬೇಕಾದ ಸ್ವರಕ್ಕೆ ಎಳೆಯಬಹುದು.

ಮಾ: ಬಾಗಿಲ ಸಂದಿಯ ಬೆಳಕು

ಈ ಒಂದು ಪದ ಬಿಟ್ಟರೆ ಉಳಿದದ್ದು ಅರ್ಥವಾಗುವುದಿಲ್ಲ. ಮಾ ಅಂದರೆ ನಡುವಿನ ಜಾಗ, ನಡುವಿನ ಹೊತ್ತು. ಅದನ್ನು ಬರೆಯುವ ಅಕ್ಷರದಲ್ಲಿ ಒಂದು ಬಾಗಿಲು ಇದೆ, ಬಾಗಿಲ ಸಂದಿಯಲ್ಲಿ ಸೂರ್ಯ. ದೇವಸ್ಥಾನದ ಗಂಟೆ ಹೊಡೆದ ಮೇಲೆ ಸದ್ದು ಸಣ್ಣಗಾಗುತ್ತ ಹೋಗುತ್ತದಲ್ಲ, ಎಲ್ಲಿ ನಿಂತಿತು ಅಂತ ಹೇಳಲಾಗದ ಆ ಗಳಿಗೆ. ಅದು ಖಾಲಿ ಅಲ್ಲ, ನಾವು ಕಿವಿ ಕೊಟ್ಟೇ ಇರುತ್ತೇವೆ. ಬಿವಾದ ಎರಡು ಏಟುಗಳ ನಡುವಿನ ಹೊತ್ತು ಹಾಗೆ. ಅದನ್ನು ಇಷ್ಟು ಸೆಕೆಂಡು ಅಂತ ಅಳೆದು ಬರೆಯಲು ಬರುವುದಿಲ್ಲ, ನುಡಿಸುವವರಿಗೆ ಗೊತ್ತಾಗಬೇಕು.

ತೊಡಕು ಎಲ್ಲಿ

ಈಗ ಈ ಎರಡು ವಾದ್ಯಗಳನ್ನೂ ಆರ್ಕೆಸ್ಟ್ರಾ ಪಕ್ಕ ಕೂರಿಸಿ ನೋಡಿ. ಆರ್ಕೆಸ್ಟ್ರಾ ಅಂದರೆ ಎಂಬತ್ತು ತೊಂಬತ್ತು ಜನ, ಎಲ್ಲರ ಮುಂದೆ ಬರೆದ ಹಾಳೆ, ಮುಂದೆ ಕೋಲು ಹಿಡಿದ ಕಂಡಕ್ಟರ್. ಅವರ ಕೈ ಇಳಿದರೆ ಎಲ್ಲರೂ ಒಟ್ಟಿಗೆ. ಸ್ವರಗಳೂ ಸಮ ಅಂತರದ ಹನ್ನೆರಡು ಮನೆಗಳಲ್ಲಿ ಕೂತಿರುತ್ತವೆ. ಶಾಕುಹಾಚಿಯ ಸ್ವರ ಮನೆಯಲ್ಲಿ ಕೂರುವುದಿಲ್ಲ, ಜಾರುತ್ತ ಇರುತ್ತದೆ. ಬಿವಾಕ್ಕೆ ಕಂಡಕ್ಟರ್ ಬೇಡ. ಸದ್ದಿನಲ್ಲೂ ಸಮ ಇಲ್ಲ, ಎಂಬತ್ತು ಜನ ಎದ್ದರೆ ಇಬ್ಬರು ಎಲ್ಲಿ ಕೇಳಿಸಬೇಕು?

ಇನ್ನೊಂದು ವಿಷಯ. ಬಿವಾ ಮತ್ತು ಶಾಕುಹಾಚಿ ಜಪಾನಿನಲ್ಲೇ ಜೊತೆಗೆ ನುಡಿಸುವ ವಾದ್ಯಗಳಲ್ಲ. ಒಂದು ಕಥೆ ಹಾಡುವವರದು, ಇನ್ನೊಂದು ಸಾಧುಗಳದು. ಅವೆರಡನ್ನು ಮೊದಲು ಜೋಡಿ ಮಾಡಿದ್ದೂ ತಾಕೆಮಿತ್ಸುವೇ, 1966ರ ಎಕ್ಲಿಪ್ಸ್ ಅನ್ನುವ ಕೃತಿಯಲ್ಲಿ. ಬಿವಾ ನುಡಿಸಿದವರು ಕಿನ್ಶಿ ತ್ಸುರುತಾ ಅನ್ನುವ ಮಹಿಳೆ, ಶಾಕುಹಾಚಿ ಕತ್ಸುಯಾ ಯೊಕೊಯಾಮಾ ಅವರದು. ಅದರ ಧ್ವನಿಮುದ್ರಣವನ್ನು ಕಂಡಕ್ಟರ್ ಸೇಜಿ ಒಜಾವಾ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾವನ್ನು ಆಗ ನಡೆಸುತ್ತಿದ್ದ ಲಿಯೊನಾರ್ಡ್ ಬರ್ನ್‌ಸ್ಟೈನ್ ಅವರಿಗೆ ಕೇಳಿಸಿದರು. ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ತನ್ನ 125ನೇ ವರ್ಷಕ್ಕೆ ಈ ಎರಡು ವಾದ್ಯ ಮತ್ತು ಆರ್ಕೆಸ್ಟ್ರಾ ಸೇರಿಸಿ ಕೃತಿ ಬರೆಯಲು ಕೇಳಿತು.

ಇಂಥ ತೊಡಕನ್ನು ನಾವು ಬೇರೆ ಥರ ಬಿಡಿಸಿಕೊಂಡಿದ್ದೇವೆ. ಯುರೋಪಿನ ಪಿಟೀಲನ್ನು ತಂದು, ನೆಲದ ಮೇಲೆ ಕೂರಿಸಿ, ಶ್ರುತಿ ಬದಲಿಸಿ, ಗಮಕ ಕಲಿಸಿ ನಮ್ಮದೇ ಮಾಡಿಕೊಂಡೆವು. ಮೈಸೂರಿನ ಚೌಡಯ್ಯನವರು ಅದಕ್ಕೆ ಏಳು ತಂತಿ ಹಾಕಿಸಿಕೊಂಡರು. ಒಂದು ಇನ್ನೊಂದರ ಒಳಗೆ ಕರಗಿತು. ತಾಕೆಮಿತ್ಸು ಕೂಡ ಮೊದಲು ಕರಗಿಸಲೇ ಹೊರಟಿದ್ದರು. ಬರೆಯುತ್ತ ಹೋದ ಹಾಗೆ ಕೈ ಬಿಟ್ಟರು. ಕರಗಿಸಿದರೆ ಎರಡರಲ್ಲಿ ಒಂದು ಸಾಯುತ್ತದೆ, ಅದರ ಬದಲು ಎರಡರ ನಡುವಿನ ಅಂತರವನ್ನೇ ಕೇಳಿಸೋಣ ಅಂತ ತೀರ್ಮಾನಿಸಿದರು.

ಬಿಸಿಬೇಳೆಬಾತಿನಲ್ಲಿ ಎಲ್ಲ ಒಟ್ಟಿಗೆ ಬೇಯುತ್ತದೆ. ಬಾಳೆಲೆ ಊಟದಲ್ಲಿ ಕೋಸಂಬರಿ ಕೋಸಂಬರಿಯ ಜಾಗದಲ್ಲಿ, ಉಪ್ಪಿನಕಾಯಿ ಎಲೆಯ ತುದಿಯಲ್ಲಿ. ಆದರೂ ಅದು ಒಂದೇ ಊಟ. ನವೆಂಬರ್ ಸ್ಟೆಪ್ಸ್ ಎರಡನೆಯದು.

ಹನ್ನೊಂದು ಹೆಜ್ಜೆ

ಜಪಾನಿನ ಹಳೆಯ ವಾದ್ಯಸಂಗೀತದಲ್ಲಿ ಕೃತಿಯ ಒಂದೊಂದು ಭಾಗಕ್ಕೆ ದಾನ್ ಅನ್ನುತ್ತಾರೆ, ಅಂದರೆ ಮೆಟ್ಟಿಲು. ಈ ಕೃತಿಯಲ್ಲಿ ಹನ್ನೊಂದು ದಾನ್. ಮೊದಲ ಕಚೇರಿ ಹನ್ನೊಂದನೇ ತಿಂಗಳಲ್ಲಿ. ಹೆಸರು ಬಂದದ್ದು ಹೀಗೆ.

ವೇದಿಕೆಯ ಮೇಲೆ ಅವರು ಮಾಡಿದ ಏರ್ಪಾಡು ನೋಡಿದರೇ ಅರ್ಧ ವಿಷಯ ತಿಳಿಯುತ್ತದೆ. ಇಬ್ಬರು ಜಪಾನಿ ವಾದಕರು ಮುಂದೆ. ಆರ್ಕೆಸ್ಟ್ರಾದ ತಂತಿವಾದ್ಯ, ಹಾರ್ಪ್, ತಾಳವಾದ್ಯಗಳನ್ನು ಎರಡು ಪಾಲು ಮಾಡಿ ಎಡಕ್ಕೊಂದು ಬಲಕ್ಕೊಂದು. ಮುಂದಿನವರು ನುಡಿಸುವಾಗ ಹಿಂದಿನವರು ಬಹುಪಾಲು ಸುಮ್ಮನಿರುತ್ತಾರೆ. ಹಿಂದಿನವರು ಎದ್ದಾಗ ಇವರು ಸುಮ್ಮನೆ. ಸದ್ದಿನ ಸಮಸ್ಯೆ ಅಲ್ಲಿಗೆ ಮುಗಿಯಿತು. ಪಿಟೀಲುಗಳು ರಾಗ ನುಡಿಸುವುದಿಲ್ಲ, ಹತ್ತಿರ ಹತ್ತಿರದ ಸ್ವರಗಳನ್ನು ಒಟ್ಟಿಗೆ ಹಿಡಿದು ಮೋಡದ ಹಾಗೆ ನಿಲ್ಲುತ್ತವೆ. ಅಲ್ಲಲ್ಲಿ ಹೊಡೆತ, ತಟ್ಟುವ ಸದ್ದು. ಎಲ್ಲೋ ಬಿವಾದ ಪ್ರತಿಧ್ವನಿ ಇದ್ದ ಹಾಗೆ, ಆದರೆ ಬಿವಾದ ನಕಲಲ್ಲ.

ಕೊನೆಯ ಕಡೆಗೆ ತುಂಬ ಹೊತ್ತು ಇಬ್ಬರೇ ಉಳಿಯುತ್ತಾರೆ. ಪಾಶ್ಚಾತ್ಯ ಪದ್ಧತಿಯಲ್ಲಿ ಆರ್ಕೆಸ್ಟ್ರಾ ನಿಂತು ಮುಖ್ಯ ವಾದಕರು ಒಬ್ಬರೇ ನುಡಿಸುವ ಭಾಗಕ್ಕೆ ಕೆಡೆಂಜಾ ಅನ್ನುತ್ತಾರೆ, ಇದು ಅಂಥದ್ದು. ಇಲ್ಲಿ ತಾಕೆಮಿತ್ಸು ಮಾಮೂಲು ಸ್ವರಲಿಪಿ ಬಿಟ್ಟು ಗೆರೆ, ಗುರುತುಗಳಲ್ಲಿ ಬರೆದರು. ಎಷ್ಟು ಹೊತ್ತು ನಿಲ್ಲಬೇಕು ಅನ್ನೋದು ವಾದಕರ ಕೈಯಲ್ಲಿ. ಮಾ ಅಲ್ಲಿ ಬಂತು. ಕೋಲು ಹಿಡಿದ ಒಜಾವಾ, ಹಿಂದೆ ಇಡೀ ಆರ್ಕೆಸ್ಟ್ರಾ, ಎಲ್ಲರೂ ಇಬ್ಬರ ಉಸಿರಿಗೆ ಕಾಯುತ್ತ ಕೂತಿರುತ್ತಾರೆ. ಇಡೀ ಕೃತಿಯಲ್ಲಿ ನನ್ನನ್ನು ಪ್ರತಿ ಸಲ ಹಿಡಿದು ನಿಲ್ಲಿಸುವುದು ಈ ಕಾಯುವಿಕೆ.

ಆಮೇಲೆ

1973ರಲ್ಲಿ ಇದೇ ಎರಡು ವಾದ್ಯ ಮತ್ತು ಆರ್ಕೆಸ್ಟ್ರಾಗೆ ಆಟಮ್ ಅನ್ನುವ ಕೃತಿ ಬರೆದರು. ಅದರಲ್ಲಿ ಎರಡು ಕಡೆಯವರೂ ಸ್ವಲ್ಪ ಹತ್ತಿರ ಬರುತ್ತಾರೆ. ಅದೇ ವರ್ಷ ಗಾಗಾಕುಗೂ ಬರೆದರು. ಗಾಗಾಕು ಅಂದರೆ ಸಾವಿರ ವರ್ಷಕ್ಕೂ ಹಳೆಯ ಅರಮನೆಯ ವಾದ್ಯಮೇಳ. ಅಲ್ಲಿ ಪಶ್ಚಿಮದ ವಾದ್ಯ ಒಂದೂ ಇಲ್ಲ. ಸುಮಾರು 90 ಸಿನಿಮಾಗಳಿಗೆ ಸಂಗೀತ ಕೊಟ್ಟರು. ಬಿವಾದ ಸದ್ದನ್ನು ಅವರು ಮೊದಮೊದಲು ಪರೀಕ್ಷೆ ಮಾಡಿ ನೋಡಿದ್ದೂ 1962ರ ಹರಾಕಿರಿಯಂಥ ಸಿನಿಮಾದಲ್ಲೇ. ತಾಕೆಮಿತ್ಸು ತೀರಿಕೊಂಡದ್ದು 1996ರ ಫೆಬ್ರವರಿ 20ರಂದು.

ಕೇಳೋದು ಹೇಗೆ

ಒಜಾವಾ ಟೊರೊಂಟೊ ಸಿಂಫನಿ ಆರ್ಕೆಸ್ಟ್ರಾ ಜೊತೆ ಮಾಡಿದ ನವೆಂಬರ್ ಸ್ಟೆಪ್ಸ್ ಧ್ವನಿಮುದ್ರಣ ಇದೆ. ವಾದಕರು ಅದೇ ತ್ಸುರುತಾ, ಯೊಕೊಯಾಮಾ. ಸುಮಾರು ಇಪ್ಪತ್ತು ನಿಮಿಷ. ಮೊಬೈಲಿನ ಸ್ಪೀಕರಿನಲ್ಲಿ ಬೇಡ, ಹೆಡ್‌ಫೋನ್ ಹಾಕಿಕೊಳ್ಳಿ. ಆಗ ಎರಡು ಪಾಲಾದ ಆರ್ಕೆಸ್ಟ್ರಾ ಎಡಗಿವಿಗೊಂದು ಬಲಗಿವಿಗೊಂದು ಬರುತ್ತದೆ. ಶುರುವಿನಲ್ಲಿ ಆರ್ಕೆಸ್ಟ್ರಾ ಮಾತ್ರ. ರಾಗ ಹುಡುಕಬೇಡಿ, ತಾಳ ಹಾಕಬೇಡಿ, ಸಿಗುವುದಿಲ್ಲ. ಸುಮ್ನೆ ಕಾಯಿರಿ. ಪಿಟೀಲುಗಳು ಸರಿದು ಮೌನವಾಗಿ, ಬಿವಾದ ಮೊದಲ ಏಟು ಬೀಳುತ್ತದೆ. ಆ ಏಟಿನ ಮೇಲಲ್ಲ, ಅದು ಬಿದ್ದ ಮೇಲೆ ತಂತಿಯಲ್ಲಿ ಉಳಿಯುವ ಝೇಂಕಾರದ ಮೇಲೆ ಕಿವಿ ಇಡಿ. ತಂಬೂರಿ ಕೇಳಿ ಬೆಳೆದ ಕಿವಿಗೆ ಅದರ ಗುರುತು ಹತ್ತುತ್ತದೆ.